ಹಗ್ಗವೋ, ಸೂಜಿಯೋ? ಮರಣದಂಡನೆಯ ವಿಧಾನಗಳೂ ನಮ್ಮ ವಿಶ್ವಾಸವೂ



ಹೆಣ್ಣುಮಗಳೊಬ್ಬಳ ಮೇಲೋ ಏನೂ ಅರಿಯದ ಮಗುವಿನ ಮೇಲೋ ಘೋರ ಕೃತ್ಯ ನಡೆದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಮನೆಗಳಲ್ಲಿ, ಅಂಗಡಿ ಕಟ್ಟೆಗಳಲ್ಲಿ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳಿಬರುವ ಮಾತು ಒಂದೇ: "ಅಂಥವನನ್ನು ಗಲ್ಲಿಗೇರಿಸಬೇಕು." ಆ ಮಾತಿನ ಹಿಂದಿರುವ ಸಂಕಟ ನಿಜವಾದದ್ದು. ಅನ್ಯಾಯವನ್ನು ಕಂಡು ಕುದಿಯದ ಹೃದಯ ಕ್ರೈಸ್ತ ಹೃದಯವೇ ಅಲ್ಲ. ಆದರೂ ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆ ಬೇಡಿದ ಬಾಯಿಂದಲೇ ಈ ಮಾತು ಬರುವಾಗ, ಒಂದು ಕ್ಷಣ ನಿಂತು ಯೋಚಿಸುವುದು ಒಳ್ಳೆಯದು.

ಮರಣದಂಡನೆ ಬೇಕೇ, ಬೇಡವೇ ಎಂಬ ಚರ್ಚೆ ನಿಮಗೆ ಹೊಸದಲ್ಲ. ಇದರ ಪಕ್ಕದಲ್ಲೇ ಇನ್ನೊಂದು ಚರ್ಚೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲೂ ಅಮೆರಿಕದ ನ್ಯಾಯಾಲಯಗಳಲ್ಲೂ ಬಹುಕಾಲದಿಂದ ನಡೆಯುತ್ತಾ ಬಂದಿದೆ. ಕೊಲ್ಲಬೇಕಾದರೆ ಹೇಗೆ ಕೊಲ್ಲಬೇಕು? ನೇಣು ಹಾಕಬೇಕೇ, ಚುಚ್ಚುಮದ್ದು ಕೊಡಬೇಕೇ, ಗುಂಡಿಕ್ಕಬೇಕೇ? ಯಾವುದರಲ್ಲಿ ನೋವು ಕಡಿಮೆ? ಮೊದಲ ನೋಟಕ್ಕೆ ಇದು ವಕೀಲರ, ವೈದ್ಯರ ವಿಷಯ ಎನಿಸುತ್ತದೆ. ಆದರೆ ಈ ಎರಡನೆಯ ಚರ್ಚೆಯನ್ನು ತಾಳ್ಮೆಯಿಂದ ಗಮನಿಸಿದರೆ ಮೊದಲನೆಯ ಪ್ರಶ್ನೆಗೂ ಬೆಳಕು ಸಿಗುತ್ತದೆ. ಈ ವಾರ ಅದನ್ನೇ ಅಭ್ಯಾಸ ಮಾಡೋಣ.

ಕಾನೂನಿನ ಒಂದು ಸಾಲು

ನಮ್ಮ ದೇಶದಲ್ಲಿ ನ್ಯಾಯಾಧೀಶರು ಮರಣದಂಡನೆ ವಿಧಿಸಿದರೆ, ಅಪರಾಧಿಯನ್ನು ಪ್ರಾಣ ಹೋಗುವ ತನಕ ಕುತ್ತಿಗೆಗೆ ನೇಣು ಹಾಕಬೇಕೆಂದು ತೀರ್ಪಿನಲ್ಲಿ ಬರೆಯಬೇಕು. 1898ರ ಬ್ರಿಟಿಷ್ ಕಾಲದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 1973ರ ಸಂಹಿತೆಗೂ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಹಾಗೆಯೇ ಉಳಿದಿದೆ. ಸೈನಿಕ ನ್ಯಾಯಾಲಯಗಳಿಗೆ ಮಾತ್ರ ಬೇರೆ ದಾರಿಯಿದೆ. 1950ರ ಭೂಸೇನಾ ಕಾಯಿದೆಯ ಪ್ರಕಾರ ಅವು ನೇಣಿಗೂ ಆದೇಶಿಸಬಹುದು, ಗುಂಡಿಕ್ಕಿ ಕೊಲ್ಲುವುದಕ್ಕೂ ಆದೇಶಿಸಬಹುದು.

1980ರಲ್ಲಿ ಬಚನ್ ಸಿಂಗ್ ಪ್ರಕರಣದ ತೀರ್ಪು ಬಂತು. ಜೀವಾವಧಿ ಶಿಕ್ಷೆಯೇ ನಿಯಮ, ಅಪರೂಪದಲ್ಲಿ ಅಪರೂಪವಾದ ಪ್ರಕರಣದಲ್ಲಿ ಮಾತ್ರ ಮರಣದಂಡನೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2004ರ ಆಗಸ್ಟ್‌ನಿಂದ ಈಚೆಗೆ ನಮ್ಮ ದೇಶದಲ್ಲಿ ಎಂಟು ಮಂದಿಯನ್ನು ಗಲ್ಲಿಗೇರಿಸಲಾಗಿದೆ. ಅವರಲ್ಲಿ ನಾಲ್ವರು ದೆಹಲಿಯ ನಿರ್ಭಯಾ ಪ್ರಕರಣದವರು. 2020ರ ಮಾರ್ಚ್ 20ರ ಮುಂಜಾನೆ ತಿಹಾರ್ ಜೈಲಿನಲ್ಲಿ ಅವರ ಶಿಕ್ಷೆ ಜಾರಿಯಾಯಿತು.

ನ್ಯಾಯಪೀಠದ ಮುಂದೆ ನೇಣುಹಗ್ಗ

ನೇಣು ಹಾಕುವುದೇ ಕ್ರೂರ, ಆದ್ದರಿಂದ ಅದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂಬ ವಾದ 1983ರಲ್ಲಿ ದೀನಾ ಪ್ರಕರಣದಲ್ಲಿ ಬಂತು. ತೀರ್ಪು ಬರೆದವರು ಆಗಿನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ಅವರು ನಾಲ್ಕು ಅಳತೆಗೋಲುಗಳನ್ನು ಮುಂದಿಟ್ಟರು. ಶಿಕ್ಷೆಯ ಜಾರಿ ಶೀಘ್ರವೂ ಸರಳವೂ ಆಗಿರಬೇಕು, ಕೈದಿಯ ಭಯವನ್ನು ಅನಾವಶ್ಯಕವಾಗಿ ಹೆಚ್ಚಿಸಬಾರದು. ತಕ್ಷಣ ಪ್ರಜ್ಞೆ ತಪ್ಪಿ ಬೇಗ ಮರಣ ಬರಬೇಕು. ಎಲ್ಲವೂ ಸಭ್ಯವಾಗಿ ನಡೆಯಬೇಕು. ದೇಹ ಛಿದ್ರವಾಗಬಾರದು. ನೇಣು ಈ ಅಳತೆಗಳಿಗೆ ಸರಿಹೊಂದುತ್ತದೆಂದು ನ್ಯಾಯಾಲಯ ತೀರ್ಮಾನಿಸಿತು.

2003ರಲ್ಲಿ ಕಾನೂನು ಆಯೋಗ ತನ್ನ 187ನೇ ವರದಿಯಲ್ಲಿ ನೇಣಿನ ಜೊತೆಗೆ ಮಾರಕ ಚುಚ್ಚುಮದ್ದನ್ನೂ ಕಾನೂನಿಗೆ ಸೇರಿಸಬೇಕೆಂದಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. 2017ರಲ್ಲಿ ವಕೀಲರೊಬ್ಬರು, ನೇಣಿಗಿಂತ ಗೌರವಯುತವಾದ ವಿಧಾನ ಬೇಕೆಂದು ಮತ್ತೆ ಅರ್ಜಿ ಹಾಕಿದರು. 2023ರ ಮಾರ್ಚ್‌ನಲ್ಲಿ ಆ ಅರ್ಜಿಯನ್ನು ಆಲಿಸಿ, ನೇಣಿನಿಂದಾಗುವ ನೋವಿನ ಬಗ್ಗೆ ವೈಜ್ಞಾನಿಕ ಮಾಹಿತಿ ತನ್ನಿ ಎಂದು ಸರ್ಕಾರವನ್ನು ಕೇಳಿದ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಅವರು 1983ರ ತೀರ್ಪು ಬರೆದವರ ಮಗ! ತಂದೆಯ ಕಾಲದಲ್ಲಿ ಉತ್ತರ ಸಿಕ್ಕಿತೆಂದುಕೊಂಡಿದ್ದ ಪ್ರಶ್ನೆ ನಲವತ್ತು ವರ್ಷಗಳ ನಂತರ ಮಗನ ಮೇಜಿನ ಮೇಲೆ ಬಂದು ಕುಳಿತಿತು. 2025ರ ಅಕ್ಟೋಬರ್‌ನಲ್ಲಿ ಇದೇ ಅರ್ಜಿ ಇನ್ನೊಂದು ಪೀಠದ ಮುಂದೆ ಬಂದಾಗ, ಕೈದಿಗೆ ಆಯ್ಕೆ ಕೊಡುವುದು ಕಾರ್ಯಸಾಧ್ಯವಲ್ಲ ಎಂಬ ನಿಲುವು ಸರ್ಕಾರದ್ದಾಗಿತ್ತು. ಕಾಲಕ್ಕೆ ತಕ್ಕಂತೆ ಬದಲಾಗಲು ಸರ್ಕಾರ ಸಿದ್ಧವಿಲ್ಲವೆಂದು ನ್ಯಾಯಪೀಠ ಬೇಸರಪಟ್ಟಿತು.

ಕೆಲವು ವಿವರಗಳನ್ನು ನೀವು ತಿಳಿದಿರಬೇಕು. ನೇಣಿನಲ್ಲಿ ಕುತ್ತಿಗೆಯ ಮೂಳೆ ಮುರಿದು ತಕ್ಷಣ ಪ್ರಾಣ ಹೋಗಬೇಕಾದರೆ ಕೈದಿಯ ತೂಕಕ್ಕೆ ತಕ್ಕಂತೆ ಹಗ್ಗದ ಉದ್ದವನ್ನು ಲೆಕ್ಕ ಹಾಕಬೇಕು. ತೂಕ ಕಡಿಮೆಯಿದ್ದಷ್ಟೂ ಆತ ಹೆಚ್ಚು ಆಳಕ್ಕೆ ಬೀಳಬೇಕು. ಹಗ್ಗ ಗಿಡ್ಡವಾದರೆ ಉಸಿರುಗಟ್ಟಿ ನರಳುತ್ತಾನೆ, ಉದ್ದವಾದರೆ ತಲೆಯೇ ಕಿತ್ತುಬರಬಹುದು. ಅದಕ್ಕಾಗಿ ಮುಂಚಿತವಾಗಿ ಮರಳಿನ ಮೂಟೆ ಇಳಿಬಿಟ್ಟು ಹಗ್ಗವನ್ನು ಪರೀಕ್ಷಿಸುತ್ತಾರೆ. ಆ ಹಗ್ಗವನ್ನು ಬಿಹಾರದ ಬಕ್ಸರ್ ಜೈಲಿನಲ್ಲಿ ಹೊಸೆಯುವವರೂ ಕೈದಿಗಳೇ.

2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಗಲ್ಲಿಗೇರಿಸಿದ ಮೇಲೆ ಶವಪರೀಕ್ಷೆ ಕಡ್ಡಾಯವೆಂದಿತು. ನುರಿತ ಗಲ್ಲುಗಾರರೇ ದೇಶದಲ್ಲಿ ಇಲ್ಲವೆಂಬ ವಾದ ಬಂದಿದ್ದರಿಂದ, ಸತ್ತವನು ಕುತ್ತಿಗೆ ಮುರಿದು ಸತ್ತನೋ ಉಸಿರುಗಟ್ಟಿ ಸತ್ತನೋ ಎಂಬುದು ತಿಳಿಯಬೇಕಲ್ಲವೇ? ಇನ್ನೊಂದು ಪ್ರಕರಣದಲ್ಲಿ, ಶವವನ್ನು ಅರ್ಧ ಗಂಟೆ ಹಗ್ಗದಲ್ಲೇ ತೂಗುಬಿಡಬೇಕೆಂಬ ಜೈಲು ಕೈಪಿಡಿಯ ನಿಯಮವನ್ನು ನ್ಯಾಯಾಲಯ ಒಪ್ಪಲಿಲ್ಲ. ವೈದ್ಯರು ಸಾವನ್ನು ಖಚಿತಪಡಿಸಿದ ಮೇಲೂ ದೇಹವನ್ನು ತೂಗುಬಿಡುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂಬುದು ಅದರ ಅಭಿಪ್ರಾಯ.

ಇಲ್ಲಿ ನಿಂತು ಯೋಚಿಸಿ. ಪ್ರಾಣವಿಲ್ಲದ ದೇಹಕ್ಕೆ ಅರ್ಧ ಗಂಟೆಯ ಅವಮಾನ ಸಲ್ಲದೆಂದು ನಮ್ಮ ಕಾನೂನಿಗೇ ಅನಿಸಿತು. ಹಾಗಾದರೆ ಆ ದೇಹದಲ್ಲಿ ಪ್ರಾಣವಿದ್ದಾಗ ಇದ್ದ ಘನತೆಯ ಗತಿಯೇನು?

ಅಮೆರಿಕ ಕಲಿಸುವ ಪಾಠ

ವಿಧಾನ ಬದಲಾದರೆ ಸಮಸ್ಯೆ ಬಗೆಹರಿಯುತ್ತದೆಯೇ ಎಂದು ತಿಳಿಯಬೇಕಾದರೆ ಅಮೆರಿಕದ ಕಡೆ ನೋಡಬೇಕು. ಬೆಣ್ಣೆಯಿಂದ ಕೂದಲು ತೆಗೆದಂತೆ ಜೀವ ತೆಗೆಯುವ ಉಪಾಯವನ್ನು ಅಲ್ಲಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಹುಡುಕುತ್ತಿದ್ದಾರೆ.

ನೇಣು ಅನಾಗರಿಕ ಎಂದು ನ್ಯೂಯಾರ್ಕ್ ರಾಜ್ಯ ವಿದ್ಯುತ್ ಕುರ್ಚಿಯನ್ನು ತಂದಿತು. 1890ರ ಆಗಸ್ಟ್ 6ರಂದು ಮೊದಲ ಕೈದಿಯನ್ನು ಅದರಲ್ಲಿ ಕೂರಿಸಿದಾಗ, ಮೊದಲ ಸಲ ಹರಿಸಿದ ವಿದ್ಯುತ್ತಿಗೆ ಆತ ಸಾಯಲಿಲ್ಲ. ಎರಡನೆಯ ಸಲ ಹರಿಸಬೇಕಾಯಿತು. 1924ರಲ್ಲಿ ನೆವಾಡ ರಾಜ್ಯ ವಿಷಾನಿಲದ ಕೋಣೆಯನ್ನು ತಂದಿತು. 1977ರಲ್ಲಿ ಒಕ್ಲಹೋಮ ರಾಜ್ಯ ಮಾರಕ ಚುಚ್ಚುಮದ್ದಿನ ಕಾನೂನು ಮಾಡಿತು. 1982ರ ಡಿಸೆಂಬರ್‌ನಲ್ಲಿ ಟೆಕ್ಸಾಸ್ ರಾಜ್ಯ ಅದನ್ನು ಮೊದಲು ಬಳಸಿತು. ಆಸ್ಪತ್ರೆಯ ಮಂಚದಂಥ ಮಂಚ, ರೋಗಿಗೆ ಹಾಕುವಂಥ ಸೂಜಿ. ಇದಕ್ಕಿಂತ ಸೌಮ್ಯವಾದ ಸಾವು ಬೇರೆಲ್ಲಿ ಎಂದುಕೊಂಡರು.

ಆದರೆ ಅದರಲ್ಲೂ ತೊಡಕುಗಳು ಬಂದವು. ಮೂರು ಮದ್ದುಗಳಲ್ಲಿ ಒಂದು ಸ್ನಾಯುಗಳನ್ನು ಜಡಗೊಳಿಸುವುದರಿಂದ ಒಳಗೆ ನೋವಿದ್ದರೂ ಹೊರಗೆ ಕಾಣುವುದಿಲ್ಲ. ಜೀವ ಉಳಿಸುವ ಪ್ರತಿಜ್ಞೆ ಮಾಡಿದ ವೈದ್ಯರು ಇದರಲ್ಲಿ ಭಾಗವಹಿಸಬಾರದೆಂದು ಅಲ್ಲಿನ ವೈದ್ಯರ ಸಂಘವೇ ಹೇಳಿತು. 2011ರಲ್ಲಿ, ಮರಣದಂಡನೆಗೆ ಬಳಸುವುದಾದರೆ ಇಲ್ಲಿ ತಯಾರಿಸಬೇಡಿ ಎಂದು ಇಟಲಿ ಪಟ್ಟುಹಿಡಿದ ಕಾರಣ, ಅರಿವಳಿಕೆಯ ಮದ್ದೊಂದರ ತಯಾರಿಕೆಯೇ ನಿಂತಿತು. ಕೈದಿಗಳು ನ್ಯಾಯಾಲಯಕ್ಕೆ ಹೋದರು. 2008ರ ಬೇಜ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಚುಚ್ಚುಮದ್ದನ್ನು ಎತ್ತಿಹಿಡಿಯಿತು. 2015ರ ಗ್ಲಾಸಿಪ್ ಪ್ರಕರಣದಲ್ಲಿ, ಒಂದು ವಿಧಾನ ಕ್ರೂರವೆನ್ನುವ ಕೈದಿ ಅದಕ್ಕಿಂತ ಮೇಲಾದ, ಕೈಗೆಟಕುವ ಇನ್ನೊಂದು ವಿಧಾನವನ್ನು ತಾನೇ ತೋರಿಸಬೇಕೆಂದಿತು. ಅಂದರೆ ತನ್ನನ್ನು ಹೇಗೆ ಕೊಲ್ಲಬೇಕೆಂಬುದನ್ನು ಸಾಯುವವನೇ ಸೂಚಿಸಬೇಕು! 2019ರ ಬಕ್ಲ್ಯೂ ಪ್ರಕರಣದಲ್ಲಿ, ನೋವಿಲ್ಲದ ಸಾವಿನ ಖಾತರಿಯನ್ನು ಸಂವಿಧಾನ ಕೊಡುವುದಿಲ್ಲ ಎಂದು ಹೇಳಿತು.

2022ರ ನವೆಂಬರ್‌ನಲ್ಲಿ ಅಲಬಾಮಾ ರಾಜ್ಯದಲ್ಲಿ ಒಬ್ಬ ಕೈದಿಗೆ ಸೂಜಿ ಹಾಕಲು ರಕ್ತನಾಳವೇ ಸಿಗದೆ ಕೊನೆಗೆ ಕೈಬಿಟ್ಟರು. 2024ರ ಜನವರಿ 25ರಂದು ಅದೇ ಕೈದಿಯ ಮುಖಕ್ಕೆ ಮುಸುಕು ತೊಡಿಸಿ ನೈಟ್ರೋಜನ್ ಅನಿಲ ಹರಿಸಿ ಕೊಂದರು. ಪ್ರಪಂಚದಲ್ಲೇ ಅದು ಮೊದಲನೆಯದು. ಬೇಗ ಪ್ರಜ್ಞೆ ತಪ್ಪುತ್ತದೆಂದು ಅಧಿಕಾರಿಗಳು ಹೇಳಿದ್ದರು. ಆತ ನಿಮಿಷಗಟ್ಟಲೆ ನಡುಗಿ ಒದ್ದಾಡಿದ್ದನ್ನು ಸಾಕ್ಷಿಗಳು ಕಂಡರು. 2025ರ ಮಾರ್ಚ್ 7ರಂದು ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಂದರು. ಕುರ್ಚಿ, ಸೂಜಿ, ಬಂದೂಕು ಈ ಮೂರರಲ್ಲಿ ಆತನೇ ಬಂದೂಕನ್ನು ಆರಿಸಿದ್ದ. ಹಗ್ಗ ಅನಾಗರಿಕವೆಂದು ಹೊರಟ ನಾಡು ಕುರ್ಚಿ, ಅನಿಲ, ಸೂಜಿ ಎಲ್ಲವನ್ನೂ ಸುತ್ತಿ ಮತ್ತೆ ಬಂದೂಕಿನ ಮುಂದೆ ಬಂದು ನಿಂತಿದೆ.

ನೀತಿಶಾಸ್ತ್ರ ಏನು ಹೇಳುತ್ತದೆ?

ಮನುಷ್ಯನ ಯಾವುದೇ ಕಾರ್ಯವನ್ನು ತೂಗುವಾಗ ಮೂರನ್ನು ನೋಡಬೇಕೆಂದು ಧರ್ಮಸಭೆ ಕಲಿಸುತ್ತದೆ: ಮಾಡುವ ಕಾರ್ಯ ಯಾವುದು, ಮಾಡುವವನ ಉದ್ದೇಶ ಏನು, ಸಂದರ್ಭಗಳು ಯಾವುವು. ಇದು ಅಕ್ವಿನಾದ ಸಂತ ತೋಮಸರ ಕಾಲದಿಂದ ಬಂದ ಪಾಠ. ಸಂದರ್ಭಗಳು ಕಾರ್ಯದ ಒಳಿತು ಕೆಡುಕನ್ನು ಹೆಚ್ಚು ಕಡಿಮೆ ಮಾಡಬಲ್ಲವು. ಆದರೆ ಕಾರ್ಯದ ಗುಣವನ್ನೇ ಬದಲಾಯಿಸಲಾರವು. ಕದಿಯುವವನು ಕಾಲ ತುದಿಯಲ್ಲಿ ನಡೆದು, ಮನೆಯವರ ನಿದ್ದೆ ಕೆಡಿಸದೆ, ಪಾತ್ರೆ ಒಡೆಯದೆ ಕದ್ದ ಎನ್ನಿ. ಮನೆಯವರಿಗೆ ತೊಂದರೆ ಕಡಿಮೆಯಾಯಿತು, ಸರಿ. ಕಳ್ಳತನ ಮಾತ್ರ ಕಳ್ಳತನವೇ.

ಹಗ್ಗ, ಸೂಜಿ, ಅನಿಲ, ಗುಂಡು ಇವೆಲ್ಲ ಸಂದರ್ಭಗಳು. ಅನಾವಶ್ಯಕ ಹಿಂಸೆ ಬೇಡವೆಂದು ನ್ಯಾಯಾಲಯಗಳು ಶ್ರಮಿಸುವುದು ಒಳ್ಳೆಯದೇ, ಅದನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಕೈಕಾಲು ಕಟ್ಟಿಹಾಕಿದ, ಇನ್ನು ಯಾರಿಗೂ ಕೇಡು ಮಾಡಲಾರದ ಮನುಷ್ಯನನ್ನು ಗೊತ್ತುಮಾಡಿದ ಗಳಿಗೆಯಲ್ಲಿ ಕೊಲ್ಲುವುದು ಎಂಬ ಕಾರ್ಯ ಎಲ್ಲ ವಿಧಾನಗಳಲ್ಲೂ ಒಂದೇ. ಇಷ್ಟು ಕಾಲ ಹುಡುಕಿದರೂ ಮನಸ್ಸಾಕ್ಷಿಗೆ ಒಪ್ಪುವ ವಿಧಾನವೊಂದು ಸಿಗದಿರುವುದು ಏಕೆ? ಮನಸ್ಸಾಕ್ಷಿಯನ್ನು ಚುಚ್ಚುತ್ತಿರುವುದು ವಿಧಾನವಲ್ಲ, ಕಾರ್ಯ. ಈ ಅಧ್ಯಯನದಿಂದ ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಪಾಠ ಇದೇ.

ಶುಭಸಂದೇಶದಲ್ಲೂ ಇದರ ಸುಳಿವಿದೆ. ನಮ್ಮ ಮನೆಯ ಗೋಡೆಯ ಮೇಲೆ ನಾವು ತೂಗುಹಾಕಿರುವ ಶಿಲುಬೆ ರೋಮನರ ಮರಣದಂಡನೆಯ ಸಾಧನ. ಗೊಲ್ಗೊಥದಲ್ಲೂ ನೋವು ತಗ್ಗಿಸುವ ಏರ್ಪಾಡು ಇತ್ತು. ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸುಸ್ವಾಮಿಗೆ ಕೊಟ್ಟರು, ಅವರು ಅದನ್ನು ತೆಗೆದುಕೊಳ್ಳಲಿಲ್ಲ (ಮಾರ್ಕ 15:23). ಬೇಗ ಸಾಯಲೆಂದು ಜೊತೆಯಲ್ಲಿದ್ದ ಇಬ್ಬರ ಕಾಲುಗಳನ್ನು ಮುರಿದರು (ಯೊವಾನ್ನ 19:32). ಆ ದ್ರಾಕ್ಷಾರಸವನ್ನು ಕೊಟ್ಟ ಮಾತ್ರಕ್ಕೆ ಪಿಲಾತನ ತೀರ್ಪು ನ್ಯಾಯವಾಯಿತೇ?

ಧರ್ಮಸಭೆ ನಡೆದುಬಂದ ದಾರಿ

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಧರ್ಮಸಭೆ ಮೊದಲಿನಿಂದಲೂ ಈ ಶಿಕ್ಷೆಯನ್ನು ಪೂರ್ತಿಯಾಗಿ ತಿರಸ್ಕರಿಸಿತ್ತು ಎಂದರೆ ಅದು ಸುಳ್ಳಾಗುತ್ತದೆ. ವಿಶ್ವಗುರುಗಳು ರಾಜರಂತೆ ಆಳುತ್ತಿದ್ದ ರಾಜ್ಯದಲ್ಲಿ ಗಲ್ಲೂ ಇತ್ತು, ತಲೆ ಕಡಿಯುವ ಯಂತ್ರವೂ ಇತ್ತು. ಅಲ್ಲಿ 1796ರಿಂದ 1864ರವರೆಗೆ ಸೇವೆಯಲ್ಲಿದ್ದ ಒಬ್ಬನೇ ಗಲ್ಲುಗಾರನ ಲೆಕ್ಕದ ಪುಸ್ತಕದಲ್ಲಿ 516 ಮಂದಿಯ ಸಾವು ದಾಖಲಾಗಿದೆ. ಸಂತ ತೋಮಸರೇ, ಕೊಳೆತ ಅಂಗವನ್ನು ದೇಹದ ಒಳಿತಿಗಾಗಿ ಕತ್ತರಿಸುವಂತೆ ಸಮಾಜದ ಒಳಿತಿಗಾಗಿ ಅಪರಾಧಿಯನ್ನು ತೆಗೆಯಬಹುದೆಂದು ಬರೆದರು.

ಆದರೆ ಇನ್ನೊಂದು ಧ್ವನಿಯೂ ಮೊದಲಿನಿಂದ ಇತ್ತು. ಐದನೇ ಶತಮಾನದ ಆರಂಭದಲ್ಲಿ ಆಫ್ರಿಕದಲ್ಲಿ ಪಾಷಂಡ ಪಂಗಡದ ಕೆಲವರು ಒಬ್ಬ ಗುರುವನ್ನು ಕೊಂದು, ಇನ್ನೊಬ್ಬರನ್ನು ಅಂಗವಿಕಲರನ್ನಾಗಿ ಮಾಡಿದರು. ಆಗ ಸಂತ ಅಗಸ್ಟಿನರು ಅಧಿಕಾರಿ ಮಾರ್ಸೆಲ್ಲಿನರಿಗೆ ಪತ್ರ ಬರೆದು, ಅವರಿಗೆ ಅದೇ ಬಗೆಯ ಶಿಕ್ಷೆ ಕೊಡಬೇಡಿ, ಪ್ರಾಣ ತೆಗೆಯದೆ ಯಾವುದಾದರೂ ಉಪಯುಕ್ತ ಕೆಲಸಕ್ಕೆ ಹಚ್ಚಿ ಎಂದು ಬೇಡಿಕೊಂಡರು. ಸತ್ತವರು ತಮ್ಮ ಬಳಗದವರೇ ಆಗಿದ್ದಾಗ ಅವರು ಈ ಮಾತು ಹೇಳಿದರು ಎಂಬುದನ್ನು ಮರೆಯಬೇಡಿ.

ನಮ್ಮ ಕಾಲದಲ್ಲಿ ಆ ಧ್ವನಿ ಬಲವಾಯಿತು. 1969ರಲ್ಲಿ ವಿಶ್ವಗುರು ಆರನೇ ಪೌಲರು ವ್ಯಾಟಿಕನ್ ನಗರದ ಕಾನೂನಿನಿಂದ ಮರಣದಂಡನೆಯನ್ನು ತೆಗೆದುಹಾಕಿದರು. 1995ರ ಮಾರ್ಚ್ 25ರಂದು ವಿಶ್ವಗುರು ದ್ವಿತೀಯ ಜಾನ್ ಪೌಲರು ಜೀವದ ಶುಭಸಂದೇಶವೆಂಬ ವಿಶ್ವಪತ್ರದಲ್ಲಿ, ಸೆರೆಮನೆಗಳು ಸುಭದ್ರವಾಗಿರುವ ಈ ಕಾಲದಲ್ಲಿ ಈ ಶಿಕ್ಷೆ ಅನಿವಾರ್ಯವಾಗುವ ಸಂದರ್ಭ ಇಲ್ಲವೇ ಇಲ್ಲ ಎನ್ನುವಷ್ಟು ವಿರಳವೆಂದು ಕಲಿಸಿದರು. 1999ರ ಜನವರಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹೋದಾಗ ಅವರು ಅಲ್ಲಿನ ರಾಜ್ಯಪಾಲರಲ್ಲಿ ಒಬ್ಬ ಕೈದಿಯ ಪ್ರಾಣಭಿಕ್ಷೆ ಬೇಡಿದರು. ರಾಜ್ಯಪಾಲರು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರು. 2018ರ ಆಗಸ್ಟ್‌ನಲ್ಲಿ ವಿಶ್ವಗುರು ಫ್ರಾನ್ಸಿಸರು ಕಥೋಲಿಕ ಧರ್ಮೋಪದೇಶದ 2267ನೇ ಪರಿಚ್ಛೇದವನ್ನು ತಿದ್ದಿದರು. ಅತಿ ಘೋರ ಅಪರಾಧ ಮಾಡಿದವನೂ ಮನುಷ್ಯನ ಘನತೆಯನ್ನು ಕಳೆದುಕೊಳ್ಳುವುದಿಲ್ಲ. ಸಮಾಜವನ್ನು ಕಾಪಾಡಲು ಬೇರೆ ದಾರಿಗಳಿವೆ. ಆದ್ದರಿಂದ ಮರಣದಂಡನೆ ಒಪ್ಪತಕ್ಕದ್ದಲ್ಲ, ಲೋಕದೆಲ್ಲೆಡೆ ಅದರ ರದ್ದತಿಗಾಗಿ ಧರ್ಮಸಭೆ ದುಡಿಯುತ್ತದೆ ಎಂಬುದೇ ಈಗಿನ ಬೋಧನೆ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಗುರು ಹದಿನಾಲ್ಕನೇ ಲಿಯೋರವರು, ಗರ್ಭಪಾತ ಬೇಡ ಎನ್ನುತ್ತಾ ಮರಣದಂಡನೆ ಬೇಕು ಎನ್ನುವವರು ನಿಜವಾಗಿ ಜೀವಪರರಲ್ಲ ಎಂಬ ಅರ್ಥದ ಮಾತನಾಡಿದರು.

ನೀವು ಕೇಳಬಹುದಾದ ಪ್ರಶ್ನೆಗಳು

"ಆಳುವವನು ಖಡ್ಗವನ್ನು ವ್ಯರ್ಥವಾಗಿ ಧರಿಸಿಲ್ಲವೆಂದು ಸಂತ ಪೌಲರೇ ಬರೆದಿದ್ದಾರಲ್ಲವೇ?" ಹೌದು (ರೋಮನರಿಗೆ 13:4). ಕೇಡು ಮಾಡಿದವನನ್ನು ದಂಡಿಸುವ ಅಧಿಕಾರ ಸರ್ಕಾರಕ್ಕಿದೆ, ಧರ್ಮಸಭೆ ಅದನ್ನು ಅಲ್ಲಗಳೆದಿಲ್ಲ. ಆದರೆ ದಂಡಿಸುವ ಅಧಿಕಾರವೆಂದರೆ ಕೊಲ್ಲಲೇಬೇಕೆಂಬ ಕಟ್ಟಳೆಯಲ್ಲ. ಮೊದಲ ಕೊಲೆಗಾರನಾದ ಕಾಯಿನನನ್ನು ದೇವರು ದಂಡಿಸಿದರು. ಆದರೆ ಯಾರೂ ಅವನನ್ನು ಕೊಲ್ಲದಂತೆ ಗುರುತನ್ನೂ ಇಟ್ಟರು (ಆದಿಕಾಂಡ 4:15).

"ಸಂತ ತೋಮಸರ ವಾದ ತಪ್ಪೇ?" ಅವರ ಕಾಲದ ಸೆರೆಮನೆಗಳು ಇಂದಿನಂಥವಲ್ಲ. ಮೇಲಾಗಿ ಬೆರಳು ತನಗಾಗಿ ಬದುಕುವುದಿಲ್ಲ, ದೇಹಕ್ಕಾಗಿ ಬದುಕುತ್ತದೆ. ಮನುಷ್ಯ ಹಾಗಲ್ಲ. ಸಮಾಜದ ಅಂಗವಾಗಿದ್ದರೂ ಅವನು ದೇವರ ಪ್ರತಿರೂಪವಾದ ಪೂರ್ಣ ವ್ಯಕ್ತಿ. ಕತ್ತರಿಸಿದ ಬೆರಳು ಪಶ್ಚಾತ್ತಾಪ ಪಡಲಾರದು, ಮನುಷ್ಯ ಪಡಬಲ್ಲ.

"ಬಿಟ್ಟುಬಿಟ್ಟರೆ ಮತ್ತೆ ಕೊಲ್ಲುತ್ತಾನಲ್ಲ?" ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ನಮ್ಮ ರಾಜ್ಯದ ಪ್ರಕರಣವೊಂದರಲ್ಲೇ, 2008ರ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯ ಗಲ್ಲಿನ ಬದಲು ಬದುಕಿರುವ ತನಕ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಕೊಲ್ಲದೆಯೂ ಸಮಾಜವನ್ನು ರಕ್ಷಿಸಬಹುದೆಂದು ನ್ಯಾಯಾಲಯವೇ ತೋರಿಸಿತು. ಬಿಡುಗಡೆಯ ಆಸೆಯೇ ಇಲ್ಲದ ಸೆರೆವಾಸವೂ ಒಳಗೊಳಗೇ ಮರಣದಂಡನೆಯಂಥದ್ದು ಎಂದು ವಿಶ್ವಗುರು ಫ್ರಾನ್ಸಿಸರು ಎಚ್ಚರಿಸಿದ್ದಾರೆ ಎಂಬುದೂ ನೆನಪಿರಲಿ.

"ತಪ್ಪು ಖಚಿತವಾದ ಮೇಲೆ ಅನುಮಾನವೇಕೆ?" 2009ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಆರು ಮಂದಿಗೂ ಗಲ್ಲು ಎಂದ ಅದೇ ಸರ್ವೋಚ್ಚ ನ್ಯಾಯಾಲಯ, 2019ರ ಮಾರ್ಚ್‌ನಲ್ಲಿ ಅವರೆಲ್ಲರೂ ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಅವರು ಅಷ್ಟರಲ್ಲಿ ಹದಿನಾರು ವರ್ಷ ಜೈಲಿನಲ್ಲಿ ಕಳೆದಿದ್ದರು. ಆ ನಡುವೆ ಹಗ್ಗ ಬಿಗಿದಿದ್ದರೆ? ಹಗ್ಗ ಎಷ್ಟು ನಯವಾಗಿದ್ದರೇನು, ಹೋದ ಜೀವ ಬರುತ್ತಿತ್ತೇ?

"ಸತ್ತವರ ಮನೆಯವರ ಕಣ್ಣೀರಿಗೆ ಬೆಲೆಯಿಲ್ಲವೇ?" ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನಡೆದ ಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಮೈಸೂರಿನ ಟಾಡಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ವಿಧಿಸಿತು, 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಗಲ್ಲಿಗೇರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಬಾಕಿಯಿದ್ದು 2013ರಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಆ ನಾಲ್ವರ ಶಿಕ್ಷೆಯನ್ನು, ಮೇಲೆ ಹೇಳಿದ 2014ರ ತೀರ್ಪಿನಲ್ಲಿ, ಈ ವಿಳಂಬದ ಕಾರಣಕ್ಕೆ ಜೀವಾವಧಿಗೆ ಇಳಿಸಲಾಯಿತು. ಇಷ್ಟು ವರ್ಷ ನಮ್ಮೆಲ್ಲರ ಮಾತು ಹಗ್ಗದ ಸುತ್ತಲೇ ತಿರುಗಿತು. ಸತ್ತ 22 ಮಂದಿಯ ಮನೆಗಳಲ್ಲಿ ದೀಪ ಹಚ್ಚಿದವರು ಯಾರು, ಅವರ ಮಕ್ಕಳ ಶಾಲೆಯ ಶುಲ್ಕ ಕಟ್ಟಿದವರು ಯಾರು ಎಂದು ಎಷ್ಟು ಜನ ಕೇಳಿದ್ದೇವೆ? ಗಲ್ಲಿಗೇರಿಸಿ ಎಂದು ಕೂಗಲು ಖರ್ಚಿಲ್ಲ. ನೊಂದವರ ಪಕ್ಕದಲ್ಲಿ ವರ್ಷಗಟ್ಟಲೆ ಕೂರುವುದಕ್ಕೆ ಖರ್ಚಿದೆ. ಅವರ ಸಿಟ್ಟನ್ನು ನಾವು ಖಂಡಿಸಬಾರದು, ಬೇಗ ಕ್ಷಮಿಸಿ ಎಂದು ಒತ್ತಾಯಿಸಲೂಬಾರದು. ಆದರೆ ಅವರ ದುಃಖವನ್ನು ಇನ್ನೊಂದು ಮನೆಯ ದುಃಖದಿಂದ ತೀರಿಸಬಹುದೆಂಬ ಸುಳ್ಳನ್ನೂ ಹೇಳಬಾರದು.

ಸಮಯವೆಂಬ ವರ

1887ರಲ್ಲಿ ಪ್ಯಾರಿಸ್ ನಗರದಲ್ಲಿ ಮೂವರನ್ನು ಕೊಂದ ಪ್ರಾಂಜಿನಿ ಎಂಬವನಿಗೆ ಮರಣದಂಡನೆಯಾಯಿತು. ಆತನಿಗೆ ಪಶ್ಚಾತ್ತಾಪವಿರಲಿಲ್ಲ, ಪಾಪನಿವೇದನೆಯನ್ನೂ ಮಾಡಲಿಲ್ಲ. ಹದಿನಾಲ್ಕು ವರ್ಷದ ಬಾಲಕಿಯೊಬ್ಬಳು ಆತನಿಗಾಗಿ ಪ್ರಾರ್ಥಿಸಿದಳು, ಪೂಜೆ ಹೇಳಿಸಿದಳು. ಕೊನೆಯ ಕ್ಷಣದಲ್ಲಿ ಆತ ಗುರುಗಳ ಕೈಯಲ್ಲಿದ್ದ ಶಿಲುಬೆಯನ್ನು ಮೂರು ಬಾರಿ ಮುದ್ದಿಟ್ಟನೆಂಬುದನ್ನು ಪತ್ರಿಕೆಯಲ್ಲಿ ಓದಿ ಕಣ್ಣೀರಿಟ್ಟಳು. ಆಕೆಯೇ ನಮ್ಮ ಲಿಸ್ಯೂವಿನ ಸಂತ ತೆರೇಸಾ. ಆ ಕೊಲೆಗಾರನನ್ನು ಆಕೆ ತನ್ನ ಮೊದಲ ಮಗು ಎಂದು ಕರೆದಳು. ದೇವರ ಕೃಪೆ ಕೊನೆಯ ಕ್ಷಣದಲ್ಲೂ ಕೆಲಸ ಮಾಡುತ್ತದೆ, ನಿಜ. ಆದರೆ ಆ ಕ್ಷಣ ಕೊನೆಯದಾಗಬೇಕೆಂದು ಗೊತ್ತುಮಾಡಲು ನಾವು ಯಾರು?

ಸಮಯ ಸಿಕ್ಕಿದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1995ರ ಫೆಬ್ರುವರಿ 25ರಂದು ಮಧ್ಯಪ್ರದೇಶದಲ್ಲಿ ಸಿಸ್ಟರ್ ರಾಣಿ ಮರಿಯಾ ಅವರನ್ನು ಬಸ್ಸಿನಲ್ಲಿ ಹೋಗುತ್ತಿದ್ದಾಗ ಇರಿದು ಕೊಂದರು. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಸ್ವೀಕರಿಸಿದರು. 2006ರಲ್ಲಿ ಬಿಡುಗಡೆಯಾದ ಆತ ಪಶ್ಚಾತ್ತಾಪಪಟ್ಟು ಆ ಕುಟುಂಬದ ಒಬ್ಬನಂತಾದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಲಾಯಿತು. ಆತನನ್ನು ಗಲ್ಲಿಗೇರಿಸಿದ್ದರೆ ಆ ರಾಖಿಯನ್ನು ಕಟ್ಟಲು ಕೈಯೇ ಇರುತ್ತಿರಲಿಲ್ಲ.

ನಾವು ಮಾಡಬಹುದಾದ್ದು

ಮುಂದಿನ ಸಲ ಘೋರ ಸುದ್ದಿಯೊಂದು ಬಂದಾಗ ಮೊದಲು ಸತ್ತವರ ಹೆಸರು ಹೇಳಿ ಮನೆಯವರೆಲ್ಲ ಕೂಡಿ ಪ್ರಾರ್ಥಿಸಿ. ಹತ್ತಿರದಲ್ಲೇ ಇದ್ದರೆ ಆ ಮನೆಗೆ ಹೋಗಿ. ಮಕ್ಕಳ ಮುಂದೆ ಗಲ್ಲಿನ ಮಾತನ್ನು ಉತ್ಸಾಹದಿಂದ ಆಡಬೇಡಿ, ಏಕೆಂದರೆ ಅವರು ಕಲಿಯುವುದು ನಮ್ಮ ಧ್ವನಿಯಿಂದ. ಅಪರಾಧಿಯ ತಾಯಿಗಾಗಿಯೂ ಒಂದು ಪ್ರಾರ್ಥನೆ ಇರಲಿ, ಅವಳೂ ಮಗನನ್ನು ಕಳೆದುಕೊಳ್ಳುವವಳೇ. ಸೆರೆಮನೆ ಸೇವೆಯಲ್ಲಿ ತೊಡಗಿರುವ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ, ಶ್ರೀಸಾಮಾನ್ಯ ಸೇವಕರಿಗೆ ನಿಮ್ಮ ಕೈಲಾದ ನೆರವು ಕೊಡಿ. ನಾನು ಸೆರೆಯಲ್ಲಿದ್ದೆ, ನೀವು ಬಂದಿರಾ ಎಂದು ಪ್ರಭು ಕೇಳುವ ದಿನ, ಒಳಗಿದ್ದವನು ನಿರಪರಾಧಿಯೇ ಎಂದು ವಿಚಾರಿಸಿ ಆಮೇಲೆ ಬರುತ್ತೇನೆ ಎಂದು ನಾವು ಹೇಳುವಂತಿಲ್ಲ.

ಕುಟುಂಬದಲ್ಲಿ ಚರ್ಚಿಸಲು

1. ಶಿಕ್ಷೆ ಮತ್ತು ಸೇಡು ಇವೆರಡರ ನಡುವಿನ ವ್ಯತ್ಯಾಸವನ್ನು ನಿಮ್ಮ ಮಕ್ಕಳಿಗೆ ಹೇಗೆ ವಿವರಿಸುವಿರಿ?

2. ಸಂತ ಅಗಸ್ಟಿನರು ತಮ್ಮ ಬಳಗದವರನ್ನು ಕೊಂದವರಿಗಾಗಿ ಬೇಡಿಕೊಂಡರು. ನಮ್ಮ ಮನೆಯವರಿಗೆ ಕೇಡು ಮಾಡಿದವರಿಗಾಗಿ ನಾವು ಇಂದು ಏನು ಬೇಡಬಲ್ಲೆವು?

3. ನಮ್ಮ ಧರ್ಮಕೇಂದ್ರದಲ್ಲಿ ಹಿಂಸೆಗೆ ಗುರಿಯಾದ ಕುಟುಂಬವಿದೆಯೇ? ಅವರನ್ನು ಕಳೆದ ಸಲ ಭೇಟಿಯಾದದ್ದು ಯಾವಾಗ?

ಪ್ರಾರ್ಥನೆ

ನ್ಯಾಯಸ್ವರೂಪರೂ ಕರುಣಾಮಯರೂ ಆದ ತಂದೆಯೇ, ಅನ್ಯಾಯವಾಗಿ ಸತ್ತವರಿಗೆ ನಿತ್ಯ ವಿಶ್ರಾಂತಿಯನ್ನೂ ಅವರ ಮನೆಯವರಿಗೆ ಸಾಂತ್ವನವನ್ನೂ ಕೊಡಿರಿ. ತೀರ್ಪು ಕೊಡುವವರಿಗೆ ವಿವೇಕವನ್ನು ಕೊಡಿರಿ. ಗಲ್ಲಿನ ನೆರಳಲ್ಲಿ ಕುಳಿತಿರುವವರಿಗೆ ಪಶ್ಚಾತ್ತಾಪಪಡಲು ಮನಸ್ಸನ್ನೂ ಸಮಯವನ್ನೂ ಕರುಣಿಸಿರಿ. ನಮ್ಮ ಕೈಯಲ್ಲಿರುವ ಕಲ್ಲನ್ನು ಕೆಳಗಿಡುವ ಶಕ್ತಿಯನ್ನು ನಮಗೂ ಕೊಡಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.